ಹೊತ್ತು ಗೊತ್ತು ಅರಿತ ಯಂತ್ರ

ಬೆಳಗಿನ ಜಾವ ಐದೂವರೆಗೆ ಅಮ್ಮ ದೇವರ ಮನೆಯಲ್ಲಿ ಜಪಕ್ಕೆ ಕೂರುತ್ತಾಳೆ. ದೇವರ ಮನೆ ಅಂದರೆ ದೊಡ್ಡದೇನಲ್ಲ, ನಮ್ಮ ಫ್ಲ್ಯಾಟಿನ ಅಡುಗೆಮನೆಗೆ ಅಂಟಿಕೊಂಡ ನಾಲ್ಕಡಿ ಅಗಲದ ಗೂಡು. ಕಿಟಕಿ ಇಲ್ಲ. ಮರಗೆಲಸ ಮಾಡಿದ ಹುಡುಗರು ಅದರ ಸೂರಿಗೆ ಒಂದು ಸೆನ್ಸರ್ ದೀಪ ಕೂರಿಸಿ ಹೋಗಿದ್ದರು. ಹೊಸಿಲು ದಾಟಿದರೆ ಹತ್ತುತ್ತದೆ, ಹೊರಬಂದ ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ. ಗೃಹಪ್ರವೇಶಕ್ಕೆ ಬಂದ ನೆಂಟರ ಮಕ್ಕಳು ಒಳಗೆ ಹೋಗುವುದು, ಹೊರಗೆ ಬರುವುದು, ಮತ್ತೆ ಒಳಗೆ ಹೋಗುವುದು. ಅವತ್ತಿಡೀ ಅದೇ ಆಟ.

ವಾರ ಕಳೆಯುವಷ್ಟರಲ್ಲಿ ಅಮ್ಮನ ದೂರು ಶುರುವಾಯಿತು. ಕಣ್ಣು ಮುಚ್ಚಿ ನೂರೆಂಟು ಎಣಿಸಿ ಮುಗಿಸುವ ಮೊದಲೇ ದೀಪ ಹೋಗಿರುತ್ತದೆ. "ದೀಪ ದೊಡ್ಡದಾಯ್ತು ಕಣೋ" ಎನ್ನುತ್ತಿದ್ದಳು. ದೇವರ ಮನೆಯಲ್ಲಿ ಎಲ್‌ಇಡಿ ಬಲ್ಬನ್ನೂ ಆರಿತು ಎನ್ನಬಾರದು ಅವಳ ಲೆಕ್ಕದಲ್ಲಿ. ಬಲಗೈಯಲ್ಲಿ ಜಪಮಣಿ, ಅದನ್ನು ನಿಲ್ಲಿಸುವ ಹಾಗಿಲ್ಲ. ಎಡಗೈ ಎತ್ತಿ ಎರಡು ಸಲ ಬೀಸುತ್ತಾಳೆ, ದೀಪ ಬರುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಹೋಗುತ್ತದೆ.

"ನಾನು ಇಲ್ಲೇ ಕೂತಿದೀನಿ. ಇದಕ್ಕೆ ಯಾಕೋ ಗೊತ್ತಾಗಲ್ಲ?"

ಮೂರು ದಶಕಕ್ಕೂ ಹೆಚ್ಚು ಕಾಲದಿಂದ ದೊಡ್ಡ ದೊಡ್ಡ ಪ್ರಯೋಗಾಲಯಗಳು ತಲೆ ಕೆರೆದುಕೊಳ್ಳುತ್ತಿರುವುದು ಹೆಚ್ಚುಕಡಿಮೆ ಇದೇ ಪ್ರಶ್ನೆಗೆ.

ಆ ಸೆನ್ಸರಿನ ಒಳಗೆ ಏನಿದೆ ನೋಡಿ. ನಮ್ಮ ಮೈಯ ಬಿಸಿ ಕಣ್ಣಿಗೆ ಕಾಣದ ಅವಗೆಂಪು ಕಿರಣವಾಗಿ ಸದಾ ಹೊರಸೂಸುತ್ತಿರುತ್ತದೆ. ಸೆನ್ಸರಿನ ಮೇಲಿನ ಬಿಳಿ ಪ್ಲಾಸ್ಟಿಕ್ ಗುಮ್ಮಟದಲ್ಲಿ ಜೇನುಗೂಡಿನಂಥ ಕಣ್ಣುಗಳಿವೆಯಲ್ಲ, ಅವೆಲ್ಲ ಮಸೂರಗಳು. ಕೋಣೆಯನ್ನು ಅವು ಪಟ್ಟಿಪಟ್ಟಿಯಾಗಿ ಹಂಚಿಕೊಳ್ಳುತ್ತವೆ. ಬಿಸಿಯಾದ ಮೈ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಸರಿದಾಗ ಒಳಗಿನ ಹರಳಿನಲ್ಲಿ ವಿದ್ಯುತ್ತಿನ ಸಣ್ಣ ಏರಿಳಿತ ಆಗುತ್ತದೆ. ಅಷ್ಟೇ ಅದಕ್ಕೆ ತಿಳಿಯುವುದು. ಅಲ್ಲಾಡದೆ ಕೂತವರೂ ಗೋಡೆಯೂ ಅದಕ್ಕೆ ಒಂದೇ. ಜಪಮಣಿಯ ಮೇಲೆ ಬೆರಳು ಸರಿಯುವುದು ಅದರ ಗಣನೆಗೆ ಬರುವುದಿಲ್ಲ. ಇನ್ನೊಂದು ತಮಾಷೆಯೆಂದರೆ, ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಗೋಡೆಯೇ ಮೈಯಷ್ಟು ಬಿಸಿಯಾಗಿರುವಾಗ ಮನುಷ್ಯ ಓಡಾಡಿದರೂ ಈ ಜಾತಿಯ ಸೆನ್ಸರಿಗೆ ಕಣ್ಣು ಮಂಜಾಗುತ್ತದೆ. ಬಿಸಿಯ ವ್ಯತ್ಯಾಸವೇ ಅದರ ಬಂಡವಾಳ.

ದೀಪಕ್ಕೆ ಬೇಕಾಗಿದ್ದ ಸುದ್ದಿ 'ಒಳಗೆ ಯಾರಾದರೂ ಇದ್ದಾರಾ' ಎಂಬುದು. ಸೆನ್ಸರ್ ಕೊಡುತ್ತಿರುವ ಸುದ್ದಿ 'ಏನಾದರೂ ಅಲುಗಾಡಿತಾ' ಎಂಬುದು. ಈ ಎರಡರ ನಡುವಿನ ಕಂದರಕ್ಕೆ ಮಾಡಿದ ಸೇತುವೆಯೆಂದರೆ ಒಂದು ಊಹೆ: ಇಷ್ಟು ನಿಮಿಷ ಅಲುಗಾಟ ಇಲ್ಲವೆಂದರೆ ಜನ ಇಲ್ಲ. ಸಿನಿಮಾ ಮಂದಿರದ ಶೌಚಾಲಯದ ಮಟ್ಟಿಗೆ ಊಹೆ ಸರಿ. ಜಪಕ್ಕೆ ಕೂತವರ ಮಟ್ಟಿಗೆ ತಪ್ಪು. ಈಚೆಗೆ ಉಸಿರಾಟದಲ್ಲಿ ಎದೆ ಏರಿಳಿಯುವುದನ್ನೂ ಹಿಡಿಯುವ ರೇಡಾರ್ ಸೆನ್ಸರುಗಳು ಬಂದಿವೆ. ಅವನ್ನು ಹಾಕಿದರೆ ಅಮ್ಮನ ಸಮಸ್ಯೆ ತೀರೀತು. ಆದರೆ ಅಮ್ಮ ಕಣ್ಣು ಮುಚ್ಚಿ ಕೂತಿದ್ದಾಳೋ, ತೂಕಡಿಸುತ್ತಿದ್ದಾಳೋ, ಅವಳಿಗೆ ಬೆಳಕು ಬೇಕೋ ಬೇಡವೋ, ಇದನ್ನು ಯಾವ ರೇಡಾರೂ ಹೇಳುವುದಿಲ್ಲ.

ಎಲ್ಲೆಡೆ ಹರಡಿಕೊಂಡು, ಕಣ್ಣಿಗೆ ಬೀಳದೆ ಕೆಲಸ ಮಾಡುವ ಇಂಥ ಗಣಕಗಳ ಕನಸು ಕಂಡವರು ಮಾರ್ಕ್ ವೈಸರ್. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಎಂಬ ಸಂಶೋಧನಾ ಕೇಂದ್ರದಲ್ಲಿದ್ದವರು. 1991ರ ಸೆಪ್ಟೆಂಬರಿನ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಇಪ್ಪತ್ತೊಂದನೆಯ ಶತಮಾನದ ಕಂಪ್ಯೂಟರ್ ಹೇಗಿರಬೇಕೆಂದು ಬರೆದರು. ಅಂಗೈಗೆ ಹಿಡಿಯುವ ಟ್ಯಾಬ್, ಕಾಗದದಷ್ಟು ದೊಡ್ಡ ಪ್ಯಾಡ್, ಗೋಡೆಗೆ ಹೊಂದುವ ಬೋರ್ಡ್. ಒಂದೊಂದು ಕೋಣೆಯಲ್ಲೂ ಇವು ನೂರಾರು ಇರಬೇಕು, ಆದರೆ ಅಂಗಡಿಯ ಬೋರ್ಡಿನ ಅಕ್ಷರವನ್ನು ಓದುತ್ತಿದ್ದೇವೆಂಬ ಅರಿವಿಲ್ಲದೆಯೇ ಓದುವ ಹಾಗೆ ಬಳಕೆಯಲ್ಲಿ ಕರಗಿಹೋಗಬೇಕು. 1999ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ ವೈಸರ್ ತೀರಿಕೊಂಡರು. ಅವರು ಕೇಳಿದ ಟ್ಯಾಬು, ಪ್ಯಾಡು, ಬೋರ್ಡು ಮೂರೂ ಇವತ್ತು ಇವೆ. ಕರಗಿಹೋಗುವುದೊಂದು ಬಾಕಿ. ಕನ್ನಡದಲ್ಲಿ ಇದಕ್ಕೆ ಸರ್ವವ್ಯಾಪಿ ಗಣಕ ಎನ್ನಬಹುದು. ಸರ್ವಾಂತರ್ಯಾಮಿ ಎಂಬ ಪದ ಆಗಲೇ ಬೇರೆಯವರ ಹೆಸರಿನಲ್ಲಿದೆ, ಅದೂ ನಮ್ಮ ಮನೆಯಲ್ಲಿ ಅದೇ ನಾಲ್ಕಡಿ ಗೂಡಿನೊಳಗೆ.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಆಲಿವೆಟ್ಟಿ ಪ್ರಯೋಗಾಲಯದಲ್ಲಿ ರಾಯ್ ವಾಂಟ್, ಆ್ಯಂಡಿ ಹಾಪರ್ ಮತ್ತು ಜೊತೆಯವರು 'ಆ್ಯಕ್ಟಿವ್ ಬ್ಯಾಡ್ಜ್' ಮಾಡಿದ್ದರು. ಅಂಗಿಗೆ ಸಿಕ್ಕಿಸುವ ಪುಟ್ಟ ಡಬ್ಬಿ. ಸುಮಾರು 15 ಸೆಕೆಂಡಿಗೊಮ್ಮೆ ಟಿವಿ ರಿಮೋಟಿನಂತೆ ಅವಗೆಂಪು ಬೆಳಕಿನಲ್ಲಿ 'ನಾನು ಇಂಥವನು' ಎಂದು ಮಿಡಿಯುತ್ತದೆ. ಕೋಣೆಕೋಣೆಯಲ್ಲಿದ್ದ ಗ್ರಾಹಕಗಳು ಅದನ್ನು ಹಿಡಿಯುತ್ತವೆ. ಕತ್ತಲ ಡ್ರಾಯರಿನಲ್ಲಿಟ್ಟರೆ ಬ್ಯಾಟರಿ ಉಳಿಸಲು ತಾನೇ ಸುಮ್ಮನಾಗುವಷ್ಟು ಜಾಣತನ ಆ ಡಬ್ಬಿಗಿತ್ತು. ಯಾರು ಎಲ್ಲಿದ್ದಾರೆ, ಅವರ ಹತ್ತಿರದ ಫೋನ್ ನಂಬರ್ ಯಾವುದು ಎಂಬ ಪಟ್ಟಿ ರಿಸೆಪ್ಷನಿಸ್ಟಳ ಪರದೆಯ ಮೇಲೆ. ಮೊಬೈಲು ಇನ್ನೂ ಎಲ್ಲರ ಕೈ ಸೇರದ ಕಾಲ. ಕರೆ ಬಂದರೆ ಆಕೆ ನೋಡಿ ಸರಿಯಾದ ಕೋಣೆಗೆ ತಿರುಗಿಸುತ್ತಿದ್ದಳು.

ಹಾಗಾದರೆ ಆಕೆ ಯಾಕೆ, ಯಂತ್ರವೇ ತಿರುಗಿಸಬಹುದಲ್ಲ? ತೊಡಕು ಇಲ್ಲೇ. ಇರುವ ಜಾಗ ಗೊತ್ತಾದ ಮಾತ್ರಕ್ಕೆ ಕರೆ ಕೊಡಬಹುದೆಂದಲ್ಲ. ಸಾಹೇಬರ ಕೋಣೆಯಲ್ಲಿ ನಿಂತಿರುವಾಗ ಫೋನ್ ಬೆನ್ನಟ್ಟಿ ಬಂದರೆ ಮುಜುಗರ. ಜೊತೆಗೆ ಯಾರಿದ್ದಾರೆ, ಹೊತ್ತು ಯಾವುದು ಎಂಬುದನ್ನೆಲ್ಲ ನೋಡಿ ತಿರುಗಿಸಬೇಕು, ಆ ನಿಯಮವನ್ನು ಆಯಾ ಮನುಷ್ಯರೇ ಬರೆಯುವಂತಿರಬೇಕು ಎಂದು 1992ರ ಪ್ರಬಂಧದಲ್ಲಿ ಅವರೇ ಒಪ್ಪಿಕೊಂಡರು. ನಮ್ಮಲ್ಲಿ 'ಹೊತ್ತು ಗೊತ್ತು ಇಲ್ಲದವನು' ಎಂದು ಬೈಯುತ್ತೇವಲ್ಲ, ಯಂತ್ರಕ್ಕೆ ಆ ಬೈಗುಳ ಬಿದ್ದ ಮೊದಲ ಸಂದರ್ಭಗಳಲ್ಲಿ ಇದೊಂದು ಇರಬೇಕು. ಎರಡು ವರ್ಷದ ನಂತರ, 1994ರಲ್ಲಿ, ಬಿಲ್ ಶಿಲಿಟ್ ಮತ್ತು ಸಂಗಡಿಗರು ಇಂಥ ತಂತ್ರಾಂಶಕ್ಕೆ 'ಸಂದರ್ಭ ಅರಿಯುವ' ಎಂಬ ವಿಶೇಷಣ ಹಚ್ಚಿದರು. ಮುಂದೆ ಜಾರ್ಜಿಯಾ ಟೆಕ್‌ನಲ್ಲಿ ಅನಿಂದ್ ಡೇ ಸಂದರ್ಭ ಎಂದರೇನು ಎಂಬುದಕ್ಕೆ ವ್ಯಾಖ್ಯೆ ಕೊಟ್ಟರು. ಮನುಷ್ಯ, ಜಾಗ, ವಸ್ತು, ಇವುಗಳ ಪರಿಸ್ಥಿತಿಯನ್ನು ತಿಳಿಸುವ ಯಾವ ಮಾಹಿತಿಯೂ ಸಂದರ್ಭವೇ. ಎಲ್ಲವನ್ನೂ ಒಳಗೊಳ್ಳುವ ವ್ಯಾಖ್ಯೆ, ಹಾಗಾಗಿ ಕೆಲಸಕ್ಕೆ ಕೂತವನಿಗೆ ಅಷ್ಟು ಉಪಯೋಗವಿಲ್ಲ ಅಂತ ನನ್ನ ಅನಿಸಿಕೆ. ಅವರು ಮಾಡಿದ ಟೂಲ್‌ಕಿಟ್ ಹೆಚ್ಚು ಉಪಯೋಗಕ್ಕೆ ಬಂತು. ಸೆನ್ಸರಿನ ಗೊಣಗಾಟವನ್ನು ಅರ್ಥವಿರುವ ಮಾತಾಗಿ ತಿರುಗಿಸಿಕೊಡುವ ಮಧ್ಯವರ್ತಿಗಳನ್ನು ಅದರಲ್ಲಿ ಬೇರೆಯಾಗಿ ಕೂರಿಸಿದ್ದರು. ಸೆನ್ಸರ್ ಬದಲಾದರೂ ಮೇಲಿನ ತಂತ್ರಾಂಶ ಬದಲಿಸಬೇಕಿಲ್ಲ.

ಇಷ್ಟು ಹೇಳಿದ ಮೇಲೆ ಅಮೆರಿಕದ ಬೌಲ್ಡರ್ ಎಂಬ ಊರಿನ ಮನೆಯೊಂದರ ಕತೆ ಹೇಳಲೇಬೇಕು. ನನ್ನ ಮಟ್ಟಿಗೆ ಈ ಕ್ಷೇತ್ರದ ಎಲ್ಲ ಪಾಠವೂ ಆ ಒಂದು ಮನೆಯಲ್ಲಿದೆ.

ಮೈಕೆಲ್ ಮೋಜರ್ ಅಲ್ಲಿನ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನದ ಮೇಷ್ಟ್ರಾಗಿದ್ದವರು. 1990ರ ದಶಕದಲ್ಲಿ, ಹಿಂದೆ ಶಾಲೆಯಾಗಿದ್ದ ಹಳೆಯ ಕಟ್ಟಡವೊಂದನ್ನು ಮನೆ ಮಾಡಿಕೊಂಡು, ಅದರ ತುಂಬ ಸೆನ್ಸರುಗಳನ್ನು ಹಾಕಿ, ತಾವೇ ಅದರಲ್ಲಿ ವಾಸಕ್ಕಿಳಿದರು. ಬೆಳಕು, ಶಬ್ದ, ಚಲನೆ, ತಾಪ, ಬಾಗಿಲು ಎಲ್ಲದರ ಮೇಲೂ ಕಣ್ಣು. ಕೋಣೆಗಳ ದೀಪ, ಫ್ಯಾನ್, ನೀರು ಕಾಯಿಸುವ ಬಾಯ್ಲರ್, ಮನೆ ಬೆಚ್ಚಗಿಡುವ ಒಲೆ ಎಲ್ಲವೂ ಒಂದು ಕಂಪ್ಯೂಟರಿನ ಕೈಯಲ್ಲಿ. ವಿಶೇಷವೆಂದರೆ ಅದಕ್ಕೆ ಅವರು ಯಾವ ವೇಳಾಪಟ್ಟಿಯನ್ನೂ ಹಾಕಿಕೊಡಲಿಲ್ಲ. ಮನೆಯಲ್ಲಿ ಎಂದಿನಂತೆ ಸ್ವಿಚ್ಚುಗಳಿದ್ದವು. ಬೇಕಾದರೆ ಹಾಕುತ್ತಿದ್ದರು, ಬೇಡವಾದರೆ ಆರಿಸುತ್ತಿದ್ದರು. ಮನೆ ಅದನ್ನು ನೋಡಿ ನೋಡಿ ಕಲಿಯಬೇಕು.

ಕಲಿಯುವುದು ಹೇಗೆ? ಮೋಜರ್ ಎರಡು ಲೆಕ್ಕ ಇಟ್ಟರು. ಒಂದು, ಉರಿಸಿದ ವಿದ್ಯುತ್ತು ಮತ್ತು ಗ್ಯಾಸಿನ ಖರ್ಚು. ಇನ್ನೊಂದು, ಮನೆಯವರಿಗಾದ ಕಿರಿಕಿರಿ. ಎರಡನ್ನೂ ಡಾಲರಿನಲ್ಲೇ ಅಳೆದರು. ಮನೆ ಮಾಡಿದ್ದನ್ನು ಅವರು ಎದ್ದು ಹೋಗಿ ಬದಲಿಸಿದರೆ ಮನೆಯ ಖಾತೆಗೆ ದಂಡ. ಮನೆ ಆಗಾಗ ಪರೀಕ್ಷೆಯನ್ನೂ ಮಾಡುತ್ತಿತ್ತು. ಇವತ್ತು ದೀಪವನ್ನು ಒಂದು ಮೆಟ್ಟಿಲು ಮಂಕಾಗಿಸಿ ನೋಡೋಣ, ಯಜಮಾನರು ಸುಮ್ಮನಿದ್ದರೆ ಉಳಿತಾಯ, ಸಿಡಿಮಿಡಿಗೊಂಡು ಸ್ವಿಚ್ಚಿಗೆ ಕೈ ಹಾಕಿದರೆ ದಂಡ ಕಟ್ಟಿ ಹಳೆಯ ಮಟ್ಟಕ್ಕೆ. ಸಂಬಾರಿಗೆ ದಿನವೂ ಚೂರುಚೂರೇ ಬೇಳೆ ಕಡಿಮೆ ಹಾಕುತ್ತ ಗಿರಾಕಿಯ ಮುಖ ನೋಡುವ ಹೋಟೆಲಿನವರ ಉಪಾಯವೂ ಇದೇ.

ಮೋಜರ್ ಅವರ ಮನೆಯಲ್ಲಿ ಇನ್ನೊಂದು ಕಷ್ಟವಿತ್ತು. ಸೆನ್ಸರಿನ ಸುದ್ದಿ ಕಂಪ್ಯೂಟರಿಗೆ ಮುಟ್ಟಿ, ಅಲ್ಲಿಂದ ಆಜ್ಞೆ ದೀಪಕ್ಕೆ ಬರುವಷ್ಟರಲ್ಲಿ ಮನುಷ್ಯ ಕತ್ತಲ ಕೋಣೆಯಲ್ಲಿ ಎರಡು ಹೆಜ್ಜೆ ಇಟ್ಟಾಗಿರುತ್ತಿತ್ತು. ಅದಕ್ಕೆ ಅವರು ನ್ಯೂರಲ್ ನೆಟ್‌ವರ್ಕ್ ಒಂದಕ್ಕೆ ಕಣಿ ಹೇಳುವ ಕೆಲಸ ಕೊಟ್ಟರು: ಇನ್ನೊಂದೆರಡು ಸೆಕೆಂಡಿನಲ್ಲಿ ಈತ ಯಾವ ಕೋಣೆಗೆ ಕಾಲಿಡುತ್ತಾನೆ? ನೀವು ಬಾಗಿಲಿನತ್ತ ನಡೆಯುತ್ತಿರುವಾಗಲೇ ಆಚೆ ದೀಪ ಹತ್ತುತ್ತದೆ. ಸರಿಯಾದಾಗ ಅದು ಗಮನಕ್ಕೇ ಬರುವುದಿಲ್ಲ. ತಪ್ಪಾದಾಗ ಖಾಲಿ ಕೋಣೆಯಲ್ಲಿ ದೀಪ ಹತ್ತಿ ಆರುತ್ತದೆ. ನಮ್ಮ ಕಡೆಯಾದರೆ ಮಂತ್ರವಾದಿಯನ್ನು ಕರೆಸುತ್ತಿದ್ದರು.

ಕೆಲವು ಕಾಲದ ಮೇಲೆ ಮೋಜರ್ ಒಂದು ವಿಚಿತ್ರ ಗಮನಿಸಿದರು. ರಾತ್ರಿ ಎಂಟಾದರೂ ಕಚೇರಿಯಲ್ಲೇ ಕೂತಿದ್ದರೆ ಮನಸ್ಸಿನಲ್ಲಿ ಒಂದು ಕಸಿವಿಸಿ. ಇಷ್ಟು ಹೊತ್ತಿಗೆ ನಾನು ಬರುತ್ತೇನೆಂದು ಮನೆ ತಯಾರಾಗಿ ಕಾಯುತ್ತಿರುತ್ತದೆ, ಹೋಗಬೇಕು. ಮನೆಯ ಊಹೆಯನ್ನು ನಿಜ ಮಾಡಲು ಯಜಮಾನರು ಮನೆಗೆ ಹೊರಟರು! ಮನೆ ಅವರನ್ನು ಕಲಿಯುತ್ತಿತ್ತು ಎಂದುಕೊಂಡಿದ್ದರು, ಅವರಿಗೂ ಪಾಠ ನಡೆಯುತ್ತಿತ್ತು. ಇದನ್ನು ಮುಚ್ಚಿಡದೆ ಬರೆದದ್ದು ಅವರ ದೊಡ್ಡತನ.

ಜನರಿಗೆ ಹೊಂದಿಕೊಳ್ಳುವುದು ಇಷ್ಟು ಕಷ್ಟವಿರುವಾಗ, ಸುತ್ತಲಿನ ಪರಿಸರಕ್ಕೆ ಹೊಂದಿಕೊಳ್ಳುವುದರಲ್ಲಿ ಯಂತ್ರಗಳು ಎಷ್ಟೋ ಮುಂದೆ ಹೋಗಿವೆ. ಹೆಸರು ಹೇಳಬೇಕಾದದ್ದು ಮಹಾದೇವ್ ಸತ್ಯನಾರಾಯಣನ್ ಅವರದ್ದು. ಮದ್ರಾಸ್ ಐಐಟಿಯಲ್ಲಿ ಓದಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದವರು, ಎಲ್ಲರ ಬಾಯಲ್ಲಿ 'ಸತ್ಯ'. 1997ರಲ್ಲಿ ಅವರ ಗುಂಪು 'ಒಡಿಸ್ಸಿ' ಎಂಬ ವ್ಯವಸ್ಥೆಯನ್ನು ತೋರಿಸಿತು. ನೆಟ್‌ವರ್ಕ್ ಬಡವಾದಾಗ ವಿಡಿಯೊ ನಿಂತುಹೋಗುವ ಬದಲು ಅದರ ಗುಣಮಟ್ಟ ಇಳಿಯಬೇಕು. ಮಾತನ್ನು ಗುರುತಿಸುವ ತಂತ್ರಾಂಶ, ಲೆಕ್ಕವನ್ನು ಕೈಯಲ್ಲಿರುವ ಯಂತ್ರದಲ್ಲೇ ಮಾಡಬೇಕೋ ದೂರದ ಸರ್ವರಿಗೆ ಕಳಿಸಬೇಕೋ ಎಂದು ಆ ಗಳಿಗೆಯ ನೆಟ್‌ವರ್ಕ್ ನೋಡಿ ತೀರ್ಮಾನಿಸಬೇಕು. ನೆಟ್‌ವರ್ಕಿನ ಏರಿಳಿತವನ್ನು ಗಮನಿಸಿ ಹೇಳುವುದು ಕೆಳಗಿನ ವ್ಯವಸ್ಥೆಯ ಕೆಲಸ, ಯಾವುದನ್ನು ಬಿಟ್ಟುಕೊಡಬೇಕೆಂಬ ತೀರ್ಮಾನ ಆಯಾ ಆ್ಯಪ್‌ನದ್ದು.

ಇವತ್ತು ಬೆಂಗಳೂರಿನಿಂದ ಮಂಗಳೂರಿಗೆ ರೈಲಿನಲ್ಲಿ ಹೊರಟು ಸಕಲೇಶಪುರ ದಾಟಿ ಘಾಟಿ ಇಳಿಯುವಾಗ ಫೋನಿನಲ್ಲಿ ಸಿನಿಮಾ ನೋಡಿ. ವಿಡಿಯೊವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ನಾಲ್ಕಾರು ಗುಣಮಟ್ಟದಲ್ಲಿ ಸರ್ವರಿನಲ್ಲಿ ಜೋಡಿಸಿಟ್ಟಿರುತ್ತಾರೆ. ಹಿಂದಿನ ತುಂಡು ಬರಲು ಹಿಡಿದ ಸಮಯ ನೋಡಿ ಮುಂದಿನದನ್ನು ಯಾವ ಗುಣಮಟ್ಟದಲ್ಲಿ ತರಿಸಬೇಕೆಂದು ಫೋನೇ ಆರಿಸಿಕೊಳ್ಳುತ್ತದೆ. ಸುರಂಗ ಬಂದಾಗ ನಾಯಕನ ಮುಖ ಕಲಸಿದ ಚಿತ್ರಾನ್ನದಂತಾಗುತ್ತದೆ, ಆಚೆ ಬಂದಾಗ ಮೀಸೆಯ ಎಳೆ ಎಣಿಸಬಹುದು. ಊಹೆ ತಪ್ಪಿದರೆ ಆಗುವ ನಷ್ಟ ಐದು ಸೆಕೆಂಡಿನ ಮಂಜು, ಮುಂದಿನ ತುಂಡಿನಲ್ಲಿ ತಿದ್ದಿಕೊಳ್ಳಬಹುದು. ಹೊಂದಿಕೊಳ್ಳುವ ತಂತ್ರಜ್ಞಾನ ಎಲ್ಲೆಲ್ಲಿ ಗೆದ್ದಿದೆ ಎಂದು ಹುಡುಕಿದರೆ ಸಾಮಾನ್ಯವಾಗಿ ಇಂಥ ಅಗ್ಗದ ತಪ್ಪಿನ ಜಾಗಗಳೇ ಸಿಗುತ್ತವೆ.

ಸತ್ಯ 2001ರಲ್ಲಿ ಬರೆದ ಒಂದು ಕಾಲ್ಪನಿಕ ದೃಶ್ಯ ನನಗೆ ಬಹಳ ಇಷ್ಟ. ಪಿಟ್ಸ್‌ಬರ್ಗ್ ವಿಮಾನ ನಿಲ್ದಾಣದ 23ನೇ ಗೇಟಿನಲ್ಲಿ ಜೇನ್ ಎಂಬಾಕೆ ಕೂತಿದ್ದಾಳೆ. ದೊಡ್ಡ ಕಡತಗಳನ್ನು ಇಮೇಲ್ ಮಾಡಬೇಕು, ಸುತ್ತ ಜನ ಜಾಸ್ತಿ, ನೆಟ್‌ವರ್ಕ್ ತೆವಳುತ್ತಿದೆ. ವಿಮಾನ ಹೊರಡುವ ಮೊದಲು ಮುಗಿಯದು. ವ್ಯವಸ್ಥೆ ನೋಡುತ್ತದೆ: 15ನೇ ಗೇಟಿನಲ್ಲಿ ಅರ್ಧ ಗಂಟೆ ಯಾವ ವಿಮಾನವೂ ಬರುವುದಿಲ್ಲ, ಹೊರಡುವುದಿಲ್ಲ, ಅಲ್ಲಿ ನೆಟ್‌ವರ್ಕ್ ಖಾಲಿ. ಜೇನ್‌ಗೆ ಹೇಳುತ್ತದೆ. ಆಕೆ ನಡೆದುಹೋಗಿ, ಕಳಿಸಿ, ವಾಪಸು ಬರುತ್ತಾಳೆ. ನನಗೆ ಇದರಲ್ಲಿ ಇಷ್ಟವಾದದ್ದು ವಿಮಾನದ ವೇಳಾಪಟ್ಟಿಯನ್ನೂ ನೆಟ್‌ವರ್ಕನ್ನೂ ಕೂಡಿಸಿದ ಜಾಣ್ಮೆಗಿಂತ, ಅದರ ನಯ. ಆಕೆಯ ಪರವಾಗಿ ಅದು ಏನನ್ನೂ ಮಾಡಿಬಿಡಲಿಲ್ಲ. ಕಿವಿಯಲ್ಲಿ ಹೇಳಿ ಸುಮ್ಮನಾಯಿತು.

ಬದಲಾವಣೆಗೆ ಎಷ್ಟು ಬೇಗ ಸ್ಪಂದಿಸಬೇಕು ಎಂಬುದೂ ಒಂದು ವಿದ್ಯೆ. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಬೆಳೆಸಿದ ಆಲದ ಸಾಲಿನ ಕೆಳಗೆ ಬಸ್ಸು ಓಡುವಾಗ ನೆರಳು, ಬಿಸಿಲು, ನೆರಳು, ಬಿಸಿಲು. ಫೋನಿನ ಪರದೆ ಪ್ರತಿಯೊಂದಕ್ಕೂ ಬೆಳಕು ಏರಿಸಿ ಇಳಿಸಿದರೆ ಓದುವವರಿಗೆ ತಲೆ ಸುತ್ತು. ಅದಕ್ಕೇ ಫೋನು ಸ್ವಲ್ಪ ಹೊತ್ತು ಕಾದು, ಬದಲಾವಣೆ ನಿಂತಿದೆಯೋ ನೋಡಿ, ನಿಧಾನವಾಗಿ ಸರಿಯುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಆಟೊಮ್ಯಾಟಿಕ್ ಕಂಟ್ರೋಲರ್ ಹಾಕಿಸಿದವರಿಗೆ ಇದು ಗೊತ್ತು. ನೀರು ತಳ ಕಾಣುವ ಹೊತ್ತಿಗೆ ಮೋಟರು ಶುರು, ತುಂಬಿದಾಗ ಬಂದ್. ಎರಡಕ್ಕೂ ಒಂದೇ ಗೆರೆ ಇಟ್ಟರೆ ಒಂದು ಚೊಂಬು ನೀರು ಬಳಸಿದ್ದಕ್ಕೂ ಮೋಟರು ಕಟಕಟ ಎಂದು ಹತ್ತಿ ಆರಿ ಕೊನೆಗೆ ಸುಟ್ಟುಹೋಗುತ್ತದೆ. ನಡುವೆ ಬೇಕೆಂದೇ ಬಿಟ್ಟ ಆ ಸೋಮಾರಿತನವೇ ಯಂತ್ರವನ್ನು ಉಳಿಸುವುದು.

ಯಾರಿಗೆ ಹೊಂದಿಕೊಳ್ಳಬೇಕು ಎಂಬುದು ಇನ್ನೂ ಕಠಿಣ, ನಮ್ಮಂಥ ಮನೆಗಳಲ್ಲಂತೂ. ನಮ್ಮ ಮನೆಯ ಟ್ಯಾಬ್ಲೆಟಿನಲ್ಲಿ ಬೆಳಿಗ್ಗೆ ಅಮ್ಮನ ವಿಷ್ಣುಸಹಸ್ರನಾಮ, ಮಧ್ಯಾಹ್ನ ಮಗಳ ಕಾರ್ಟೂನು, ರಾತ್ರಿ ನನ್ನ ಯಕ್ಷಗಾನ. ಆ ಆ್ಯಪ್ ಕಲ್ಪಿಸಿಕೊಂಡಿರುವ 'ಬಳಕೆದಾರ' ಎಂಥ ಪ್ರಾಣಿಯೋ ದೇವರಿಗೇ ಗೊತ್ತು. ಸಹಸ್ರನಾಮ ಮುಗಿದ ಕೂಡಲೇ ಮಾತಾಡುವ ಹಂದಿಮರಿ ಶುರುವಾಗುತ್ತದೆ. ಒಂದು ಯಂತ್ರಕ್ಕೆ ಒಬ್ಬ ಒಡೆಯ ಎಂಬುದು ಒಬ್ಬರೇ ಇರುವ ಮನೆಯಲ್ಲಿ ಹುಟ್ಟಿದ ಊಹೆ. ಫ್ಯಾನ್ ಐದರಲ್ಲಿ ತಿರುಗಬೇಕೆನ್ನುವ ಅಪ್ಪ, ಎರಡು ಸಾಕೆನ್ನುವ ಅಮ್ಮ ಒಂದೇ ಕೋಣೆಯಲ್ಲಿರುವಾಗ ಮೋಜರ್ ಅವರ ಕಿರಿಕಿರಿ ಖಾತೆಯನ್ನು ಯಾರ ಹೆಸರಿನಲ್ಲಿ ತೆರೆಯುವುದು?

ಬೆಂಗಳೂರಿನ ಚೌಕಗಳಲ್ಲಿ ಇದೇ ಜಗಳ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಕ್ಯಾಮೆರಾ ಕಣ್ಣಲ್ಲಿ ವಾಹನದ ಒತ್ತಡ ನೋಡಿ ಹಸಿರಿನ ಅವಧಿಯನ್ನು ಹಿಗ್ಗಿಸಿ ಕುಗ್ಗಿಸುವ ಸಿಗ್ನಲ್‌ಗಳು ಈಚಿನ ವರ್ಷಗಳಲ್ಲಿ ಬಂದಿವೆ. ಹಲವು ಕಡೆ ಬಳಕೆಯಲ್ಲಿರುವುದು ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಕೋಸಿಕಾಸ್ಟ್ ಎಂಬ ತಂತ್ರ, ಲೇನು ಮುರಿದು ನುಗ್ಗುವ ನಮ್ಮ ಆಟೊ-ಬೈಕು-ಬಸ್ಸುಗಳ ಕಲಬೆರಕೆ ಸಂಚಾರವನ್ನು ಲೆಕ್ಕಕ್ಕೆ ಹಿಡಿದು ಮಾಡಿದ್ದು. ಆದರೂ ಸಂಜೆ ಮಳೆ ಬಂದು ಮೇಲ್ಸೇತುವೆ ಕೆಳಗೆ ಬೈಕಿನವರೆಲ್ಲ ನಿಂತು ರಸ್ತೆ ಅರ್ಧ ಕಟ್ಟಿಕೊಂಡಾಗ ರೇನ್‌ಕೋಟ್ ಹಾಕಿದ ಪೊಲೀಸ್ ಪೇದೆ ನಡುರಸ್ತೆಗಿಳಿದು ಕೈಯಾಡಿಸುತ್ತಾರೆ. ಇದನ್ನು ತಂತ್ರಜ್ಞಾನದ ಸೋಲು ಎಂದು ಕೆಲವರು ನಗುತ್ತಾರೆ. ನನಗೆ ಹಾಗನಿಸುವುದಿಲ್ಲ. ಯಂತ್ರ 'ಸರಿ, ನೀವೇ ನೋಡಿಕೊಳ್ಳಿ' ಎಂದು ಪಕ್ಕಕ್ಕೆ ಸರಿದು ನಿಲ್ಲುವಂತೆ ಮಾಡಿದವರು ಕೆಲಸ ಬಲ್ಲವರೇ. ಆ ಬಾಗಿಲನ್ನು ಮುಚ್ಚಿದ ವ್ಯವಸ್ಥೆಗಳಿಗೆ ನಾನು ಹೆದರುತ್ತೇನೆ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದರೆ ಉತ್ತರವಿಲ್ಲ, ಬೇಡ ಎನ್ನಲು ಗುಂಡಿ ಇಲ್ಲ. ನಮ್ಮ ದೇವರ ಮನೆಯ ದೀಪ ಆ ಜಾತಿಯದ್ದು. ಸ್ವಿಚ್ಚೇ ಇಟ್ಟಿರಲಿಲ್ಲ.

ಕೊನೆಗೆ ಎಲೆಕ್ಟ್ರಿಷಿಯನ್ ಬಂದ. ಸ್ಟೂಲ್ ಹತ್ತಿ ಗುಮ್ಮಟ ತಿರುವಿ ತೆಗೆದರೆ ಒಳಗೆ ಸಾಸಿವೆಯಷ್ಟು ಸಣ್ಣ ಎರಡು ತಿರುಪು. ಒಂದು ಬೆಳಕಿನ ಮಟ್ಟಕ್ಕೆ, ಇನ್ನೊಂದು ಸಮಯಕ್ಕೆ. "ಇಷ್ಟೇನಾ?" ಎಂದು ನಾನು ಕೇಳಿದ್ದಕ್ಕೆ, "ಯಾರೂ ತಿರುಗಿಸಲ್ಲ ಸಾರ್, ಹಾಕಿದ್ದು ಹಾಕಿದ ಹಾಗೇ ಇರುತ್ತೆ" ಎಂದ. ಸಮಯದ ತಿರುಪನ್ನು ಕೊನೆಯವರೆಗೆ ತಿರುಗಿಸಿದ. ಪಕ್ಕದಲ್ಲಿ ಒಂದು ಮಾಮೂಲಿ ಸ್ವಿಚ್ಚನ್ನೂ ಕೂರಿಸಿ, ಮುನ್ನೂರು ರೂಪಾಯಿ ತೆಗೆದುಕೊಂಡು ಹೋದ. ಈಗ ಅಮ್ಮನ ಜಪ ಮುಗಿಯುವವರೆಗೆ ದೀಪ ಅಲುಗುವುದಿಲ್ಲ.

ಹೋದ ತಿಂಗಳು ಹಾಸನದಲ್ಲಿ ಚಿಕ್ಕಮ್ಮನ ಮನೆಗೆ ಹೋಗಿದ್ದೆವು. ಹಳೆಯ ಹೆಂಚಿನ ಮನೆ, ದೇವರ ಮನೆಯಲ್ಲಿ ಕಪ್ಪು ಬ್ಯಾಕಲೈಟ್ ಸ್ವಿಚ್ಚು, ಹಳದಿ ಬಲ್ಬು. ಬೆಳಿಗ್ಗೆ ನೀರು ಕುಡಿಯಲು ಎದ್ದವನು ಬಾಗಿಲ ಸಂದಿಯಲ್ಲಿ ನೋಡಿದೆ. ಬಲ್ಬು ಸುಮ್ಮನೆ ಉರಿಯುತ್ತಿದೆ. ಅಮ್ಮ ಕಣ್ಣು ಮುಚ್ಚಿ ಜಪದಲ್ಲಿದ್ದಾಳೆ. ನಡುನಡುವೆ, ಕಣ್ಣು ಬಿಡದೆಯೇ, ಎಡಗೈ ಎತ್ತಿ ಎರಡು ಸಲ ಬೀಸಿ ಇಳಿಸುತ್ತಾಳೆ.